ಅಪ್ಪ ಬಂಗಾಳಿ, ಅವ್ವ ಕನ್ನಡ: ಮಗಳ ಮಾತೃಭಾಷೆ ಏನಂತ ಬರೆಯೋದು?

2025ರ ದಸರಾ ರಜೆಯಲ್ಲಿ ನಾನು ಸಿಂಧನೂರು ತಾಲ್ಲೂಕಿನಲ್ಲಿರುವ ತಂಗಿಯ ಮನೆಗೆ ಹೋಗಿದ್ದೆ. ಸೆಪ್ಟೆಂಬರ್ 22ರಿಂದ ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಶುರುವಾಗಿತ್ತಲ್ಲ, ಅದರ ಮೇಷ್ಟ್ರೊಬ್ಬರು ಮೊಬೈಲ್ ಹಿಡಿದು ಬಂದು ಕಟ್ಟೆ ಮೇಲೆ ಕೂತರು. ಹೆಸರು, ವಯಸ್ಸು, ಓದು ಎಲ್ಲ ಸರಸರ ಮುಗೀತು. ಮಗಳ ಮಾತೃಭಾಷೆ ಯಾವುದು ಅಂದಾಗ ಮನೆಯಲ್ಲಿ ಎಲ್ಲರೂ ಗಪ್ಪಾದರು.

ತಂಗಿ ಕನ್ನಡದವಳು, ರಾಯಚೂರಲ್ಲೇ ಬೆಳೆದವಳು. ಅವಳ ಗಂಡ ಬಂಗಾಳಿ ಕ್ಯಾಂಪಿನವರು, ಅಂದರೆ ಬಂಗಾಳಿ ನಿರಾಶ್ರಿತರು ನೆಲೆಸಿದ ಊರಿನವರು. ಮಗಳಿಗೆ ಒಂಬತ್ತು ವರ್ಷ. 'ಎರಡೂ ಬರೀರಿ ಸರ್' ಅಂದಳು ಅವಳು. 'ಒಂದು ಹೇಳಮ್ಮಾ' ಅಂದರು ಮೇಷ್ಟ್ರು, ಮೆತ್ತಗೇ ಅಂದರು. ಹುಡುಗಿ ಒಮ್ಮೆ ಅವ್ವನ ಮುಖ ನೋಡಿದಳು, ಆಮೇಲೆ ಬಾಗಿಲಲ್ಲಿ ನಿಂತಿದ್ದ ಠಾಕುಮಾ ಮುಖ. ಠಾಕುಮಾ ಅಂದರೆ ಬಂಗಾಳಿಯಲ್ಲಿ ಅಪ್ಪನ ತಾಯಿ. ಒಂದು ಹೆಸರು ಹೇಳಿದರೆ ಇಬ್ಬರಲ್ಲಿ ಒಬ್ಬರಿಗೆ ಬೇಜಾರಾಗುತ್ತೆ ಅಂತ ಅಷ್ಟು ಸಣ್ಣ ಮಗುವಿಗೂ ಗೊತ್ತಿತ್ತು. ಕೊನೆಗೆ ತಂಗಿಯೇ 'ಕನ್ನಡ ಅಂತ ಹಾಕ್ರಿ ಸರ್' ಅಂದಳು. ಠಾಕುಮಾ ಏನೂ ಅನ್ನಲಿಲ್ಲ. ಒಳಗೆ ಹೋಗಿ ಚಹಾಕ್ಕೆ ಇಟ್ಟರು.

ಅವತ್ತಿನಿಂದ ಈ ವಿಷಯ ತಲೆಯಲ್ಲಿ ಕೂತಿದೆ. ಮುಂದೆ ದೇಶದ ಜನಗಣತಿಯೂ ಇದೆ. ಅದಕ್ಕೆ ಗೊತ್ತು ಮಾಡಿರುವ ಲೆಕ್ಕದ ದಿನ 2027ರ ಮಾರ್ಚ್ 1, ಈ ಸಲ ಜಾತಿಯೂ ಅದರಲ್ಲಿ ಸೇರಿದೆ. ಬಳ್ಳಾರಿ, ರಾಯಚೂರು, ಕೊಪ್ಪಳ, ನಮ್ಮ ಈ ಮೂರು ಜಿಲ್ಲೆಗಳಲ್ಲಿ ಇಂಥ ಮನೆಗಳು ತುಂಬ ಇವೆ. ಅಪ್ಪ ಒಂದು ಕಡೆಯವರು, ಅವ್ವ ಇನ್ನೊಂದು ಕಡೆಯವರು ಆದಾಗ ಮಗುವಿನ ಮನಸ್ಸಲ್ಲಿ ಏನಾಗುತ್ತೆ, ಯಾವುದು ನಿಜವಾದ ತೊಂದರೆ, ಯಾವುದು ಸುಮ್ನೆ ಹೆದರಿಕೆ, ಬುಡದಿಂದ ನೋಡೋಣ.

ಮೊದಲು ಮೂರು ಪದ

ಮೂಲ. ಇದು ಬರೀ ಊರಿನ ಹೆಸರಲ್ಲ. ಮನೆಯಲ್ಲಿ ಆಡುವ ಮಾತು, ಅಡುಗೆ, ಹಬ್ಬ, ದೇವರು, ಉಡುಗೆ ತೊಡುಗೆ, 'ನಮ್ಮ ಹಿರಿಯರು ಅಲ್ಲಿಂದ ಬಂದರು' ಅನ್ನುವ ಕಥೆ, ಇಷ್ಟೆಲ್ಲ ಸೇರಿದರೆ ಮೂಲ. ಅಪ್ಪ ಅವ್ವನ ಮೂಲ ಬೇರೆ ಬೇರೆ ಇದ್ದರೆ ಅದನ್ನು ಇಲ್ಲಿ ಬೆರೆತ ಮನೆ ಅಂತ ಕರೀತೀನಿ. 'ಬೆರಕೆ' ಅನ್ನುವ ಪದ ನಾನು ಬಳಸಲ್ಲ, ನಮ್ಮ ಕಡೆ ಅದು ಬೈಗುಳವಾಗಿಯೇ ಕಿವಿಗೆ ಬೀಳೋದು. ಅಮೆರಿಕ, ಬ್ರಿಟನ್‌ಗಳಲ್ಲಿ ಈ ಮಾತು ಬಂದರೆ ಮೈಬಣ್ಣ ಮೊದಲು ಬರುತ್ತೆ, ನಮ್ಮಲ್ಲಿ ಭಾಷೆ, ಜಾತಿ, ಧರ್ಮ. ಹಾಗಾಗಿ ಅಲ್ಲಿಯ ಅಧ್ಯಯನಗಳನ್ನು ಹಾಗೇ ಎತ್ತಿಕೊಂಡು ಬಂದು ಇಲ್ಲಿ ಇಡೋಕಾಗಲ್ಲ, ಆದರೆ ಕಲಿಯುವಂಥದ್ದು ಅವುಗಳಲ್ಲಿ ಇದೆ.

ಗುರುತು. 'ನಾನು ಯಾರು' ಅನ್ನೋದಕ್ಕೆ ನಾನು ಕೊಡುವ ಉತ್ತರ ಒಂದು. ನೋಡುವವರು ನನಗೆ ಅಂಟಿಸುವ ಉತ್ತರ ಇನ್ನೊಂದು. ಎರಡೂ ತಾಳೆ ಆದರೆ ಅದರ ಬಗ್ಗೆ ಯೋಚನೆಯೇ ಬರಲ್ಲ. ಆಧಾರ್ ಕಾರ್ಡಿನಲ್ಲಿ ಒಂದು ಹೆಸರು, ಮಾರ್ಕ್ಸ್ ಕಾರ್ಡಿನಲ್ಲಿ ಇನ್ನೊಂದು ಹೆಸರು ಇದ್ದರೆ ಕಚೇರಿಯಲ್ಲಿ ಕೆಲಸ ನಿಲ್ಲುತ್ತಲ್ಲ, ಹಾಗೆ ಇದು. ಮನುಷ್ಯ ಒಬ್ಬನೇ, ಅವನಲ್ಲಿ ಏನೂ ಕೊರತೆ ಇಲ್ಲ. ತೊಡಕು ಇರೋದು ಎರಡು ಕಾಗದದ ನಡುವೆ. ಈ ಹೋಲಿಕೆ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ನೆಮ್ಮದಿ. ರೋಗ ಇಲ್ಲ ಅಂದ ಮಾತ್ರಕ್ಕೆ ನೆಮ್ಮದಿ ಇದೆ ಅಂತಲ್ಲ. ರಾತ್ರಿ ನಿದ್ದೆ ಬರೋದು, ಶಾಲೆಗೆ ಹೋಗೋಕೆ ಮನಸ್ಸಾಗೋದು, ಅತ್ತೆ ಮಾವನ ಮನೆಯಲ್ಲಿ ಉಸಿರು ಬಿಗಿ ಹಿಡಿಯದೆ ಕೂರೋಕಾಗೋದು, ಎಲ್ಲ ಇದರಲ್ಲಿ ಬಂತು.

ನಮ್ಮ ಕಡೆ ಇಷ್ಟು ಜನ ಬೆರೆತದ್ದು ಹೇಗೆ

ಬಳ್ಳಾರಿ ಸೀಮೆಯನ್ನು ನಿಜಾಮ 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಅಲ್ಲಿಂದ ಒಂದೂವರೆ ಶತಮಾನ ಅದು ಮದರಾಸಿನ ಕೈಕೆಳಗಿತ್ತು. 1953ರ ಅಕ್ಟೋಬರ್ 1ಕ್ಕೆ ಆಂಧ್ರ ರಾಜ್ಯ ಆದಾಗ ಆದೋನಿ, ಆಲೂರು, ರಾಯದುರ್ಗ ಆ ಕಡೆ ಹೋದವು, ಬಳ್ಳಾರಿ ಮೈಸೂರು ರಾಜ್ಯಕ್ಕೆ ಬಂತು. ಬೀಗರು, ಹೊಲ, ಮನೆದೇವರು ಎರಡೂ ಕಡೆ ಉಳಿದವು. ಈಗಲೂ ಬಳ್ಳಾರಿಯಲ್ಲಿ ಒಂದೇ ಅಂಗಡಿ ಮುಂದೆ ನಿಂತವರು ಕನ್ನಡದಲ್ಲಿ ರೇಟು ಕೇಳಿ ತೆಲುಗಿನಲ್ಲಿ ಚೌಕಾಸಿ ಮಾಡ್ತಾರೆ. ಸಂಡೂರು ಬೇರೆಯೇ ಕಥೆ, ಅದು ಘೋರ್ಪಡೆ ಮನೆತನದ ಮರಾಠ ಸಂಸ್ಥಾನ, 1949ರಲ್ಲಿ ಬಳ್ಳಾರಿ ಜಿಲ್ಲೆಗೆ ಸೇರಿದ್ದು.

ರಾಯಚೂರು, ಕೊಪ್ಪಳ 1948ರ ಸೆಪ್ಟೆಂಬರ್‌ವರೆಗೂ ನಿಜಾಮನ ಆಡಳಿತದಲ್ಲಿದ್ದವು. ಕಚೇರಿ ಭಾಷೆ ಉರ್ದು. 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯ ಸೇರುವಾಗ ರಾಯಚೂರು ಜಿಲ್ಲೆಯ ಗದ್ವಾಲ, ಆಲಂಪುರ ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಹೋದವು. ಕೊಪ್ಪಳ ಬೇರೆ ಜಿಲ್ಲೆ ಆದದ್ದು 1997ರಲ್ಲಿ. ಇತ್ತ ತುಂಗಭದ್ರಾ ಅಣೆಕಟ್ಟಿನ ಕೆಲಸ 1945ರಲ್ಲಿ ಶುರುವಾಗಿ 1953ಕ್ಕೆ ಒಂದು ಹಂತಕ್ಕೆ ಬಂತು. ಕಾಲುವೆಯ ನೀರು ಹರಿದಲ್ಲೆಲ್ಲ ಭತ್ತ ಬಂತು, ಭತ್ತದ ಹಿಂದೆ ಕೃಷ್ಣಾ, ಗೋದಾವರಿ ಕಡೆಯ ರೈತರು ಬಂದರು. ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪ ಸುತ್ತ ಅವರು ಜಮೀನು ಕೊಂಡು ಕಟ್ಟಿದ ಊರುಗಳಿಗೆ ಇವತ್ತಿಗೂ 'ಕ್ಯಾಂಪು' ಅಂತಲೇ ಹೆಸರು. ಮೂರನೇ ತಲೆಮಾರು ಅಲ್ಲೇ ಹುಟ್ಟಿದೆ, ಆದರೂ 'ಕ್ಯಾಂಪಿನವರು' ಅನ್ನೋದು ಹೋಗಿಲ್ಲ.

ಸಿಂಧನೂರಿನ ಬಂಗಾಳಿ ಕ್ಯಾಂಪುಗಳು ಹಾಗಲ್ಲ. ಅವರು ಜಮೀನು ಕೊಳ್ಳೋಕೆ ಬಂದವರಲ್ಲ, ಮನೆಮಠ ಬಿಟ್ಟು ಓಡಿ ಬಂದವರು. ಪೂರ್ವ ಪಾಕಿಸ್ತಾನದಿಂದ, ಅಂದರೆ ಈಗಿನ ಬಾಂಗ್ಲಾದೇಶದಿಂದ ಬಂದ ನಿರಾಶ್ರಿತರನ್ನು ಸರ್ಕಾರ ಸುಮಾರು ಅರ್ಧ ಶತಮಾನದ ಹಿಂದೆ ಇಲ್ಲಿ ನೆಲೆ ಮಾಡಿಸಿತು. ನವರಾತ್ರಿಯಲ್ಲಿ ಅಲ್ಲಿ ದುರ್ಗಾ ಪೂಜೆಯ ಢಾಕ್ ಬಡಿತ ಕೇಳುತ್ತೆ, ಅದೇ ಹೊತ್ತಿಗೆ ಪಕ್ಕದ ಊರಿನಲ್ಲಿ ಬನ್ನಿ ಹಂಚುವ ತಯಾರಿ ನಡೆದಿರುತ್ತೆ.

ಇನ್ನು ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರ, ಹಟ್ಟಿಯ ಚಿನ್ನದ ಗಣಿ. ಕೆಲಸ ಇದ್ದಲ್ಲಿ ಜನ ಬರ್ತಾರೆ. ತಾಂಡಾಗಳಲ್ಲಿ ಲಂಬಾಣಿ ಮಾತಿದೆ, ಪೇಟೆಯಲ್ಲಿ ಉರ್ದು ಇದೆ. ಮುದಗಲ್‌ನ ಮೊಹರಂಗೆ ಯಾವ ಯಾವ ಮನೆಯವರು ಹೋಗ್ತಾರೆ ಅಂತ ನೋಡಿದರೆ ಧರ್ಮದ ಗೆರೆ ಎಲ್ಲಿದೆ ಅಂತ ಹುಡುಕಬೇಕು.

ಆದರೆ ಅಕ್ಕಪಕ್ಕ ಬಾಳೋದು ಬೇರೆ, ಮದುವೆ ಮಾಡಿಕೊಳ್ಳೋದು ಬೇರೆ. 2011-12ರಲ್ಲಿ ದೇಶದಾದ್ಯಂತ ನಡೆದ ಮಾನವ ಅಭಿವೃದ್ಧಿ ಸಮೀಕ್ಷೆಯಲ್ಲಿ ನೂರರಲ್ಲಿ ಸುಮಾರು 5 ಮದುವೆ ಮಾತ್ರ ಬೇರೆ ಜಾತಿಯವರ ನಡುವೆ ಆಗಿದ್ದವು. ಒಬ್ಬರ ಹಬ್ಬಕ್ಕೆ ಇನ್ನೊಬ್ಬರು ಹೋಗಿ ಉಂಡು ಬರ್ತಾರೆ, ಮಗಳನ್ನು ಕೊಡೋ ಮಾತು ಬಂದಾಗ ಮಾತ್ರ ಬಾಗಿಲು ಹಾಕಿಕೊಳ್ಳುತ್ತೆ. ಬೆರೆತ ಮನೆಯ ಕಷ್ಟದ ಬೇರು ಇಲ್ಲಿದೆ.

ಗೊಂದಲ ಮಗುವಿನ ಒಳಗೆ ಇರುತ್ತಾ?

ಬಹಳ ಕಾಲ ತಜ್ಞರೇ ಹೌದು ಅನ್ನುತ್ತಿದ್ದರು. 1928ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಪಾರ್ಕ್ 'ಅಂಚಿನ ಮನುಷ್ಯ' ಅನ್ನುವ ವಿಚಾರ ಮುಂದಿಟ್ಟರು. ಎರಡು ಲೋಕದ ನಡುವೆ ನಿಂತವನು ಎರಡಕ್ಕೂ ಪೂರ್ತಿ ಸೇರಲ್ಲ, ಒಳಗೇ ಹರಿದು ಹೋಗಿರ್ತಾನೆ ಅನ್ನೋದು ಅದರ ಸಾರ. ಪಾರ್ಕ್ ಇದರಲ್ಲಿ ಒಳ್ಳೆಯದನ್ನೂ ಕಂಡಿದ್ದರು, ಆದರೆ ಜನ ಹಿಡಿದುಕೊಂಡದ್ದು 'ಎಲ್ಲೂ ಸಲ್ಲದವನು' ಅನ್ನುವ ಭಾಗ ಮಾತ್ರ. ಆ ಕಾಲದಲ್ಲಿ ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ಬಿಳಿಯರು ಕರಿಯರು ಮದುವೆಯಾದರೆ ಅಪರಾಧ. ಆ ಕಾನೂನು ಉಳಿದಿದ್ದ 16 ರಾಜ್ಯಗಳಲ್ಲಿ ಅದನ್ನು ಅಲ್ಲಿಯ ಸುಪ್ರೀಂ ಕೋರ್ಟ್ ತೆಗೆದು ಹಾಕಿದ್ದು 1967ರಲ್ಲಿ. ಯೋಚನೆ ಮಾಡಿ. ಅಪ್ಪ ಅವ್ವನ ಮದುವೆಯೇ ಅಪರಾಧ ಅನ್ನುವ ಊರಲ್ಲಿ ಬೆಳೆದ ಮಗು ಕುಗ್ಗಿದರೆ ತಪ್ಪು ಯಾರದು, ರಕ್ತದ್ದೋ ಊರಿನದೋ?

1990ರ ನಂತರ ಈ ನೋಟ ಬದಲಾಯಿತು. ಅದರಲ್ಲಿ ಮರಿಯಾ ರೂಟ್ ಅನ್ನುವ ಮನಶ್ಶಾಸ್ತ್ರಜ್ಞೆಯ ಪಾತ್ರ ದೊಡ್ಡದು. ಬೆರೆತ ಮೂಲದವರಿಗೆ ಒಂದು ಹಕ್ಕುಪಟ್ಟಿಯನ್ನೇ ಅವರು ಬರೆದರು. ನಾನು ಯಾರು ಅಂತ ಬೇರೆಯವರು ಊಹಿಸಿದ ಹಾಗೆ ನಾನು ಹೇಳಬೇಕಿಲ್ಲ, ನನ್ನ ಅಣ್ಣ ತಮ್ಮಂದಿರು ಹೇಳಿದ ಹಾಗೂ ಹೇಳಬೇಕಿಲ್ಲ, ಜಾಗಕ್ಕೆ ತಕ್ಕ ಹಾಗೆ ಬೇರೆ ಉತ್ತರ ಕೊಡಬಹುದು, ವಯಸ್ಸಾದಂತೆ ಉತ್ತರ ಬದಲಾಗಲೂಬಹುದು ಅನ್ನುವ ಅರ್ಥದ ಮಾತುಗಳು ಅದರಲ್ಲಿವೆ. 2000ದ ಅಮೆರಿಕ ಗಣತಿಯಲ್ಲಿ ಮೊದಲ ಸಲ ಒಂದಕ್ಕಿಂತ ಜಾಸ್ತಿ ಜನಾಂಗಕ್ಕೆ ಗುರುತು ಹಾಕುವ ಅವಕಾಶ ಬಂತು, 2001ರಲ್ಲಿ ಬ್ರಿಟನ್ ಕೂಡ 'ಮಿಶ್ರ' ಅನ್ನುವ ಖಾನೆ ಸೇರಿಸಿತು. 2020ರ ಅಮೆರಿಕ ಗಣತಿಯಲ್ಲಿ 3.38 ಕೋಟಿ ಜನ, ಅಂದರೆ ನೂರಕ್ಕೆ 10 ಜನ, ಒಂದಕ್ಕಿಂತ ಜಾಸ್ತಿ ಮೂಲ ಹೇಳಿದರು.

ಈಗ ಮೊದಲಿನ ಹೋಲಿಕೆಗೆ ಬರೋಣ. ಬೆರೆತ ಮನೆಯಲ್ಲಿ ಹುಟ್ಟಿದ್ದಕ್ಕೇ ಮಗುವಿನ ಮನಸ್ಸು ಕೆಡುತ್ತೆ ಅನ್ನೋದಕ್ಕೆ ಆಧಾರ ಇಲ್ಲ. ಕೆಡಿಸುವಂಥವು ಬೇರೆ ಇವೆ: ಹೊರಗಿನವರ ಹಂಗಿಸುವ ಮಾತು, ಒಂದು ಕಡೆಯ ಬಂಧುಗಳು ಬಾಗಿಲು ಮುಚ್ಚೋದು, ಮನೆಯಲ್ಲೇ ಒಂದು ಮೂಲವನ್ನು ಮುಚ್ಚಿಡೋದು, 'ನೀನು ಯಾವ ಕಡೆ' ಅಂತ ಆರಿಸಲು ಒತ್ತೋದು. ಅಂದರೆ ಎರಡು ಕಾಗದದ ನಡುವಿನ ತೊಡಕು. ಮಗುವನ್ನು ತಿದ್ದಿದರೆ ಅದು ಸರಿಹೋಗಲ್ಲ.

'ಅರ್ಧ ಅದು, ಅರ್ಧ ಇದು' ಅಂತ ಲೆಕ್ಕ ಹಾಕೋದೂ ದಾರಿ ತಪ್ಪಿಸುತ್ತೆ. ಹತ್ತು ಎಕರೆ ಹೊಲ ಇಬ್ಬರಿಗೆ ಪಾಲಾದರೆ ತಲಾ ಐದು. ಭಾಷೆ, ಹಬ್ಬ, ಅಡುಗೆ ಹಾಗೆ ಪಾಲಾಗಲ್ಲ. ನಮ್ಮ ಹುಡುಗಿಗೆ ದುರ್ಗಾ ಪೂಜೆ ಜಾಸ್ತಿ ಆದಷ್ಟು ಬನ್ನಿ ಹಬ್ಬ ಕಡಿಮೆ ಆಗಿಲ್ಲ.

ಎರಡು ಭಾಷೆಯಿಂದ ಮಾತು ತಡವಾಗುತ್ತಾ?

ಇದು ಅಜ್ಜಿಯರ ದೊಡ್ಡ ಭಯ. ಶಾಲೆಯಲ್ಲೂ ಕೆಲವರು 'ಮನೇಲಿ ಒಂದೇ ಭಾಷೆ ಮಾತಾಡಿ' ಅಂತ ಹೇಳಿ ಕಳಿಸ್ತಾರೆ. ನಮ್ಮಮ್ಮನೂ ಹೇಳಿದ್ದರು.

ತಂಗಿಯ ಮಗಳ ಮಾತನ್ನೇ ನೋಡಿ. ನಾನು ಹೋದ ದಿನ ರೊಟ್ಟಿ ಬುಟ್ಟಿ ಎದುರು ಕೂತು 'ದೊಡ್ಡವ್ವಾ, ಆಮಿ ರೊಟ್ಟಿ ಖಾಬೋ, ಹಿಂಡಿ ಕೊಡು' ಅಂದಳು. 'ಆಮಿ ಖಾಬೋ' ಅಂದರೆ 'ನಾನು ತಿಂತೀನಿ', ಹಿಂಡಿ ಅಂದರೆ ನಮ್ಮ ಕಡೆ ಚಟ್ನಿಪುಡಿ. ಕೇಳಿದರೆ ಕಲಸುಮೇಲೋಗರ ಅನ್ನಿಸುತ್ತೆ. ಆದರೆ ಗಮನ ಕೊಟ್ಟು ನೋಡಿ, ಬಂಗಾಳಿ ಭಾಗ ಬಂಗಾಳಿ ವ್ಯಾಕರಣದ ಪ್ರಕಾರ ಸರಿ ಇದೆ, ಕನ್ನಡದ ಭಾಗ ಕನ್ನಡದ ಪ್ರಕಾರ ಸರಿ ಇದೆ. ಎರಡೂ ತಿಳಿಯುವವರ ಮುಂದೆ ಮಾತ್ರ ಅವಳು ಹೀಗೆ ಬೆರೆಸ್ತಾಳೆ. ಠಾಕುಮಾ ಹತ್ತಿರ ಪೂರಾ ಬಂಗಾಳಿ, ರಾಯಚೂರಿನ ಅಜ್ಜನ ಹತ್ತಿರ ಪೂರಾ ಕನ್ನಡ. ಆಮೇಲೆ ಆ ಜೋಳದ ರೊಟ್ಟಿಯನ್ನು ಮುರಿದು ಠಾಕುಮಾ ಮಾಡಿದ ಮೀನಿನ ಝೋಲ್‌ನಲ್ಲಿ, ಅಂದರೆ ತೆಳು ಸಾರಿನಲ್ಲಿ ಅದ್ದಿ, ಮೇಲೆ ಸ್ವಲ್ಪ ಗುರೆಳ್ಳು ಹಿಂಡಿ ಉದುರಿಸಿಕೊಂಡು ತಿಂದಳು. ಯಾವುದು ಯಾರ ಮನೆಯ ಊಟ ಅಂತ ಅವಳಿಗೆ ಚೆನ್ನಾಗಿ ಗೊತ್ತು.

ಎದುರಿರುವವರ ಭಾಷೆ ಯಾವುದು ಅಂತ ನೋಡಿಕೊಂಡು ಮಾತು ಬದಲಿಸೋದನ್ನು ಮಕ್ಕಳು ಸುಮಾರು ಎರಡು ವರ್ಷಕ್ಕೇ ಕಲೀತಾರೆ. ಒಂದೊಂದೇ ಭಾಷೆಯ ಪದ ಎಣಿಸಿದರೆ ಶುರುವಿನಲ್ಲಿ ಸ್ವಲ್ಪ ಕಡಿಮೆ ಕಾಣಬಹುದು, ಎರಡೂ ಕೂಡಿಸಿ ಎಣಿಸಿದರೆ ಸರಿಸಮ ಬರುತ್ತೆ. 1913ರಲ್ಲೇ ಫ್ರಾನ್ಸಿನ ಜೂಲ್ ರೊಂಜಾ ಅನ್ನುವ ಭಾಷಾತಜ್ಞ ತನ್ನ ಮಗ ಫ್ರೆಂಚ್ ಮತ್ತು ಜರ್ಮನ್ ಎರಡನ್ನೂ ಕಲಿತ ಬಗೆಯನ್ನು ದಾಖಲು ಮಾಡಿದ. ಅಪ್ಪ ಒಂದು ಭಾಷೆ, ಅವ್ವ ಒಂದು ಭಾಷೆ ಅನ್ನುವ ಪದ್ಧತಿ ಹೆಸರಾದದ್ದು ಅಲ್ಲಿಂದ. 1962ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಎಲಿಜಬೆತ್ ಪೀಲ್ ಮತ್ತು ವಾಲೇಸ್ ಲ್ಯಾಂಬರ್ಟ್ ಹತ್ತು ವರ್ಷದ ಮಕ್ಕಳನ್ನು ಪರೀಕ್ಷೆ ಮಾಡಿದಾಗ ಎರಡು ಭಾಷೆಯ ಮಕ್ಕಳು ಹಿಂದೆ ಬೀಳುವುದಿರಲಿ, ಎಷ್ಟೋ ಪರೀಕ್ಷೆಗಳಲ್ಲಿ ಮುಂದಿದ್ದರು. ನಮ್ಮ ದೇಶದಲ್ಲಂತೂ 2011ರ ಗಣತಿಯ ಪ್ರಕಾರ ನೂರರಲ್ಲಿ 26 ಜನಕ್ಕೆ ಕಡೇಪಕ್ಷ ಎರಡು ಭಾಷೆ ಬರುತ್ತೆ.

ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. ಎರಡು ವರ್ಷ ತುಂಬಿದರೂ ಮಗು ಎರಡು ಪದ ಜೋಡಿಸಿ ಹೇಳ್ತಿಲ್ಲ, ಕರೆದರೆ ತಿರುಗಿ ನೋಡ್ತಿಲ್ಲ ಅಂದರೆ 'ಎರಡು ಭಾಷೆ ಅಲ್ವಾ, ತಡ ಆಗುತ್ತೆ' ಅಂತ ಸುಮ್ಮನಿರಬೇಡಿ. ಮಕ್ಕಳ ಡಾಕ್ಟರ್ ಹತ್ತಿರ ಹೋಗಿ, ಕಿವಿ ಪರೀಕ್ಷೆ ಮಾಡಿಸಿ.

ವಯಸ್ಸಿನ ಜೊತೆ ಪ್ರಶ್ನೆಯೂ ಬೆಳೆಯುತ್ತೆ

ಮೂರು ನಾಲ್ಕು ವರ್ಷದ ಮಗು ವ್ಯತ್ಯಾಸ ನೋಡುತ್ತೆ, ತೂಗಲ್ಲ. ಈ ಅಜ್ಜಿ ಹೀಗೆ ಸೀರೆ ಉಡ್ತಾರೆ, ಆ ಅಜ್ಜಿ ಹಾಗೆ ಅಂತ ಹೇಳುತ್ತೆ, ಅಷ್ಟೇ. ಏಳೆಂಟು ವರ್ಷಕ್ಕೆ ಗುಂಪಿನ ಹೆಸರುಗಳು ತಿಳೀತವೆ, ಯಾವ ಹೆಸರಿಗೆ ಊರಲ್ಲಿ ಮರ್ಯಾದೆ ಜಾಸ್ತಿ ಅನ್ನೋದೂ ತಿಳೀತದೆ. ಕೆಲವು ಮಕ್ಕಳು ಆಗ ಒಂದು ಕಡೆಯನ್ನು ಮರೆಮಾಚೋಕೆ ಶುರು ಮಾಡ್ತಾರೆ. ಡಬ್ಬಿಯಲ್ಲಿ ಮೀನು ಹಾಕಬೇಡ ಅನ್ನೋದು, ಅಪ್ಪನ ಕಡೆಯವರು ಶಾಲೆ ಹತ್ತಿರ ಬಂದರೆ ದೂರ ಸರಿಯೋದು. ಅದು ಅಪ್ಪನ ಮೇಲಿನ ಸಿಟ್ಟಲ್ಲ, ಗುಂಪಿನಲ್ಲಿ ಉಳಿಯುವ ಆಸೆ. ಹದಿಹರೆಯಕ್ಕೆ ಬಂದಾಗ ಪ್ರಶ್ನೆ ಜೋರಾಗುತ್ತೆ. ಮನಶ್ಶಾಸ್ತ್ರಜ್ಞ ಎರಿಕ್ ಎರಿಕ್ಸನ್ ಹೇಳೋ ಪ್ರಕಾರ 'ನಾನು ಯಾರು' ಅಂತ ಹುಡುಕೋದೇ ಆ ವಯಸ್ಸಿನ ಮುಖ್ಯ ಕೆಲಸ, ಎಲ್ಲ ಮಕ್ಕಳಿಗೂ.

1990ರಲ್ಲಿ ಕಾರ್ಲೋಸ್ ಪೋಸ್ಟನ್ ಅನ್ನುವವರು ಬೆರೆತ ಮೂಲದ ಮಕ್ಕಳು ದಾಟುವ ಹಂತಗಳನ್ನು ವಿವರಿಸಿದರು. ಮೊದಲು ಬರೀ 'ನಾನು'. ಆಮೇಲೆ ಒಂದು ಗುಂಪನ್ನು ಆರಿಸುವ ಒತ್ತಡ. ಆರಿಸಿದ ಮೇಲೆ ಬಿಟ್ಟ ಕಡೆಯ ಬಗ್ಗೆ ತಪ್ಪು ಮಾಡಿದೆ ಅನ್ನುವ ನೋವು. ಅದಾದ ಮೇಲೆ ಬಿಟ್ಟದ್ದರ ಬಗ್ಗೆ ಕುತೂಹಲ, ಕೊನೆಗೆ ಎರಡನ್ನೂ ಹಿಡಿದು ನಿಲ್ಲೋದು. ಎಲ್ಲ ಮಕ್ಕಳೂ ಇದೇ ಮೆಟ್ಟಿಲು ಹತ್ತಬೇಕು ಅಂತೇನಿಲ್ಲ, ಇದು ಅಮೆರಿಕದ ಅನುಭವದಿಂದ ಬಂದದ್ದು. ಆದರೆ ಮೂರನೇ ಹಂತದ ಆ ನೋವು ಇದೆಯಲ್ಲ, ಅದನ್ನು ನಾನು ಅವತ್ತು ಕಟ್ಟೆ ಮೇಲೆ ಒಂಬತ್ತು ವರ್ಷದ ಮುಖದಲ್ಲಿ ನೋಡಿದೆ. ಆರಿಸುವ ಮೊದಲೇ ಅದು ಬಂದಿತ್ತು.

ಜಾಗಕ್ಕೆ ತಕ್ಕ ಹಾಗೆ ಗುರುತು ಬದಲಿಸುವ ಮಗು ಸುಳ್ಳು ಹೇಳ್ತಿದೆಯಾ? ಇಲ್ಲ. ಎರಡು ಸಿಮ್ ಇರುವ ಫೋನ್ ಹಾಗೆ ಅಂದುಕೊಳ್ಳಿ. ಯಾರಿಗೆ ಫೋನ್ ಮಾಡ್ತೀರಿ ಅನ್ನೋದರ ಮೇಲೆ ಸಿಮ್ ಆರಿಸ್ತೀರಿ, ಫೋನ್ ಒಂದೇ, ಒಳಗಿನ ಫೋಟೋಗಳೂ ಅವೇ. ಒಂದು ಸಿಮ್ ಇದೆ ಅನ್ನೋದನ್ನೇ ಯಾರಿಗೂ ಹೇಳಬೇಡ ಅಂತ ಮನೆಯವರು ಅಂದಾಗ ಮಾತ್ರ ಚಿಂತೆ ಮಾಡಬೇಕು.

ಚುಚ್ಚೋದು ಯಾವುದು

ಎದುರಾಬದುರು ಬೈಗುಳ ಕಡಿಮೆ. ಸಣ್ಣ ಮಾತುಗಳೇ ಜಾಸ್ತಿ. 'ನಿಜವಾಗ್ಲೂ ನೀವು ಎಲ್ಲಿಯವರು?' 'ಅರೇ, ಕನ್ನಡ ಎಷ್ಟು ಚೆಂದ ಮಾತಾಡ್ತೀಯಲ್ಲ!' ಇದು ಹೊಗಳಿಕೆ ಅನ್ನಿಸಬಹುದು, ಇಲ್ಲೇ ಹುಟ್ಟಿದ ಮಗುವಿಗೆ 'ನೀನು ಇಲ್ಲಿಯವಳಲ್ಲ' ಅಂತ ಕೇಳುತ್ತೆ. 'ಮುಂದೆ ಮದುವೆಗೆ ಯಾವ ಕಡೆ ನೋಡ್ತೀರಿ?' ಅನ್ನುವ ಪ್ರಶ್ನೆಯನ್ನು ಒಂಬತ್ತು ವರ್ಷದ ಹುಡುಗಿಯ ಎದುರೇ ಕೇಳಿದ್ದನ್ನು ನಾನು ಕಂಡಿದ್ದೇನೆ. ಒಂದು ಸಲ ಕೇಳಿದರೆ ಏನೂ ಅಲ್ಲ. ಚಪ್ಪಲಿಯೊಳಗಿನ ಸಣ್ಣ ಹರಳು ಒಂದು ಹೆಜ್ಜೆಗೆ ನೋಯಿಸಲ್ಲ, ದಿನಾ ಅದನ್ನೇ ಮೆಟ್ಟಿಕೊಂಡು ನಡೆದರೆ ಗಾಯ ಆಗುತ್ತೆ.

ಮಕ್ಕಳಷ್ಟೇ ಅಲ್ಲ, ಬೇರೆ ಮೂಲದ ಮನೆಗೆ ಬಂದ ಹೆಣ್ಣುಮಕ್ಕಳ ಬಗ್ಗೆಯೂ ಮಾತಾಡಬೇಕು. ಅವರ ಒಂಟಿತನ ಹೊರಗೆ ಕಾಣಲ್ಲ. ತಂಗಿಯ ಕೈಯಲ್ಲಿ ಬಂಗಾಳಿ ಮುತ್ತೈದೆಯರ ಬಿಳಿ ಶಂಖದ ಬಳೆ, ಕೆಂಪು ಬಳೆ ಇವೆ. ಪಕ್ಕದಲ್ಲೇ ನಮ್ಮ ಕಡೆಯ ಹಸಿರು ಗಾಜಿನ ಬಳೆ. ಮದುವೆಯಾದ ಹೊಸತರಲ್ಲಿ ರಾಯಚೂರಿಗೆ ಬರುವಾಗ ಬಸ್ಸಿನಲ್ಲೇ ಶಂಖದ ಬಳೆ ತೆಗೆದು ಚೀಲಕ್ಕೆ ಹಾಕ್ತಿದ್ದಳಂತೆ, ವಾಪಸ್ ಹೋಗುವಾಗ ಸಿಂಧನೂರು ಬರೋದರೊಳಗೆ ಮತ್ತೆ ಹಾಕಿಕೊಳ್ತಿದ್ದಳಂತೆ. ಇದನ್ನು ನನಗೆ ಹೇಳಿದ್ದು ಏಳು ವರ್ಷ ಆದ ಮೇಲೆ. ಅಕ್ಕ ಆಗಿ ನನಗೆ ಗೊತ್ತೇ ಇರಲಿಲ್ಲ.

ಗುಟ್ಟುಗಳೂ ನೋಯಿಸ್ತವೆ. ನಮ್ಮಪ್ಪ ಈ ಮದುವೆಗೆ ಬಂದಿರಲಿಲ್ಲ, ಮೊಮ್ಮಗಳು ಹುಟ್ಟುವ ತನಕ ತಂಗಿಯ ಜೊತೆ ಮಾತೂ ಆಡಿರಲಿಲ್ಲ. ಮಗಳು ಆಲ್ಬಂ ನೋಡುತ್ತಾ 'ಅಜ್ಜ ಯಾಕಿಲ್ಲ?' ಅಂತ ಕೇಳಿಯೇ ಕೇಳಿದಳು. 'ಊರಲ್ಲಿರಲಿಲ್ಲ' ಅಂದುಬಿಡೋದು ಸುಲಭವಿತ್ತು. ತಂಗಿ ಹಾಗೆ ಮಾಡಲಿಲ್ಲ. 'ಅಜ್ಜಗ ಸಿಟ್ಟು ಬಂದಿತ್ತು, ಬರಲಿಲ್ಲ. ನೀ ಹುಟ್ಟಿದ ಮ್ಯಾಲ ತಾವಾಗೇ ಬಂದ್ರು' ಅಂದಳು. ಹುಡುಗಿ ಸ್ವಲ್ಪ ಹೊತ್ತು ಯೋಚಿಸಿ 'ನಾ ಬಂದಿದ್ದು ಛಲೋ ಆತು' ಅಂದಳಂತೆ. ಮಕ್ಕಳಿಗೆ ಅವರ ವಯಸ್ಸಿಗೆ ತಕ್ಕಷ್ಟು ನಿಜ ಹೇಳಿದರೆ ತಡ್ಕೋತಾರೆ. ಹೇಳದಿದ್ದರೆ ತಪ್ಪು ತಮ್ಮದೇ ಇರಬೇಕು ಅಂದುಕೊಳ್ತಾರೆ.

ಮನೆಯಲ್ಲಿ ಏನು ಮಾಡಬಹುದು

ಅಧ್ಯಯನಗಳು ಒತ್ತಿ ಹೇಳುವ ವಿಷಯ ಎರಡು. ಎರಡೂ ಮೂಲದ ಬಗ್ಗೆ ಮನೆಯಲ್ಲಿ ಬಾಯಿ ಬಿಟ್ಟು, ಹೆಮ್ಮೆಯಿಂದ ಮಾತಾಡಬೇಕು. ಹೊರಗೆ ಎಂಥ ಮಾತು ಬರಬಹುದು ಅಂತ ಮಗುವನ್ನು ಮೊದಲೇ ತಯಾರು ಮಾಡಬೇಕು. ಬರೀ ಹೆಮ್ಮೆ ಹೇಳಿಕೊಟ್ಟು ಹೊರಗಿನ ಚುಚ್ಚುಮಾತಿಗೆ ತಯಾರು ಮಾಡದಿದ್ದರೆ ಮಗು ಕಂಗಾಲಾಗುತ್ತೆ. ಬರೀ ಚುಚ್ಚುಮಾತಿನ ಬಗ್ಗೆಯೇ ಹೇಳಿದರೆ ಎಲ್ಲರ ಮೇಲೂ ಅನುಮಾನ ಬರುತ್ತೆ.

ಸಂಬಂಧದ ಹೆಸರುಗಳನ್ನು ಎರಡೂ ಭಾಷೆಯಲ್ಲಿ ಉಳಿಸಿಕೊಳ್ಳಿ. ಠಾಕುಮಾ ಠಾಕುಮಾ ಆಗಿರಲಿ, ಅಜ್ಜಿ ಅಜ್ಜಿ ಆಗಿರಲಿ. ಕ್ಯಾಂಪಿನ ತೆಲುಗು ಮನೆಯಾದರೆ ಅಮ್ಮಮ್ಮ ಬೇರೆ, ನಾನಮ್ಮ ಬೇರೆ. ಇದು ಚಿಕ್ಕದು ಅನ್ನಿಸಬಹುದು, ಆದರೆ ಮಗುವಿಗೆ ಒಂದು ಇಡೀ ಕಡೆಯನ್ನು ಕೈಗೆ ಕೊಡೋದು ಆ ಒಂದು ಪದವೇ. 'ನಿನ್ನ ಅಪ್ಪನ ಕಡೆಯವರ ಬುದ್ಧಿಯೇ ಹೀಗೆ' ಅಂತ ಜಗಳದಲ್ಲಿ ಅನ್ನಬೇಡಿ. ಗಂಡನನ್ನು ಬೈದೆ ಅಂತ ನೀವು ಅಂದುಕೊಳ್ತೀರಿ, ಮಗು ಅದನ್ನು ತನ್ನ ಅರ್ಧ ಮೈಗೆ ತಗೊಳ್ಳುತ್ತೆ. ಮಗು ಒಂದು ವರ್ಷ ಒಂದು ಕಡೆಗೆ ವಾಲಿದರೆ ಗಾಬರಿ ಬೇಡ, ಮತ್ತೆ ಈ ಕಡೆ ಬರುತ್ತೆ. ಅಜ್ಜ ಅಜ್ಜಿಯರಿಗೂ ಸ್ವಲ್ಪ ಸಮಯ ಕೊಡಿ, ನಮ್ಮಪ್ಪ ಈಗ ಮೊಮ್ಮಗಳ ಹತ್ತಿರ ಬಂಗಾಳಿಯಲ್ಲಿ ಹತ್ತರವರೆಗೆ ಎಣಿಸೋದು ಕಲಿತಿದ್ದಾರೆ.

ಕಾಗದಪತ್ರದ ಪ್ರಶ್ನೆಗಳು

ಇಬ್ಬರೂ ಹಿಂದೂಗಳಾಗಿದ್ದು ಭಾಷೆ ಅಥವಾ ಜಾತಿ ಮಾತ್ರ ಬೇರೆ ಆಗಿದ್ದರೆ 1955ರ ಹಿಂದೂ ವಿವಾಹ ಕಾಯ್ದೆಯೇ ಸಾಕು. ಧರ್ಮ ಬೇರೆ ಇದ್ದು ಇಬ್ಬರೂ ಬದಲಿಸಲು ಇಷ್ಟಪಡದಿದ್ದರೆ 1954ರ ವಿಶೇಷ ವಿವಾಹ ಕಾಯ್ದೆ ಇದೆ. ಅದಕ್ಕೆ 30 ದಿನ ಮುಂಚೆ ನೋಟಿಸ್, ಮದುವೆ ದಿನ ಮೂವರು ಸಾಕ್ಷಿ ಬೇಕು. ವಯಸ್ಸಿಗೆ ಬಂದವರು ತಮಗೆ ಬೇಕಾದವರನ್ನು ಮದುವೆಯಾಗಬಹುದು, ಬೆದರಿಕೆ ಬಂದರೆ ಪೊಲೀಸರು ರಕ್ಷಣೆ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ, 2018ರಲ್ಲಿ ಇನ್ನೂ ಗಟ್ಟಿಯಾಗಿ ಹೇಳಿತು.

ಮಗುವಿನ ಜಾತಿ ಪ್ರಮಾಣಪತ್ರದ ಬಗ್ಗೆ ನಾಡಕಚೇರಿಯಲ್ಲಿ ತುಂಬ ಗೊಂದಲ ಆಗುತ್ತೆ. ಸಾಮಾನ್ಯವಾಗಿ ಅಪ್ಪನ ಜಾತಿಯನ್ನೇ ಹಿಡೀತಾರೆ. ಆದರೆ ಅದು ಕಲ್ಲಿನ ಮೇಲೆ ಕೆತ್ತಿದ ನಿಯಮ ಅಲ್ಲ. 2012ರಲ್ಲಿ ಗುಜರಾತಿನಿಂದ ಬಂದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿತು. ತಾಯಿ ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ದು, ಮಗು ತಾಯಿಯ ಕಡೆಯಲ್ಲೇ ಬೆಳೆದು, ಆ ಜನ ಪಡುವ ಅವಮಾನವನ್ನು ತಾನೂ ಪಟ್ಟು, ಅವರು ತಮ್ಮವರು ಅಂತ ಒಪ್ಪಿಕೊಂಡಿದ್ದರೆ ಅದನ್ನು ಸಾಕ್ಷಿ ಸಮೇತ ತೋರಿಸಬಹುದು. ಇನ್ನೊಂದು ವಿಷಯ, ಪರಿಶಿಷ್ಟ ಜಾತಿಗಳ ಪಟ್ಟಿ ಒಂದೊಂದು ರಾಜ್ಯಕ್ಕೆ ಒಂದೊಂದು. ಒಂದು ರಾಜ್ಯದಲ್ಲಿ ಪಟ್ಟಿಯಲ್ಲಿರುವ ಜಾತಿ ಇಲ್ಲಿ ಇರಲೇಬೇಕು ಅಂತಿಲ್ಲ, ವಲಸೆ ಬಂದ ಮನೆಗಳು ಇಲ್ಲೇ ಸಿಕ್ಕಿಕೊಳ್ಳೋದು. ಸಂವಿಧಾನದ 371-ಜೆ ವಿಧಿಯಡಿ ನಮ್ಮ ಭಾಗಕ್ಕೆ ಸಿಗುವ ಓದು, ಕೆಲಸದ ಮೀಸಲಾತಿಯ ಕಥೆ ಬೇರೆ. ಅದು ಕಲ್ಯಾಣ ಕರ್ನಾಟಕದ ಊರಿನವರಾ ಅಂತ ನೋಡುತ್ತೆ, ಮನೆಯಲ್ಲಿ ಯಾವ ಭಾಷೆ ಅಂತ ಕೇಳಲ್ಲ.

ಸಹಾಯ ಬೇಕಾದರೆ

ಮಗು ಶಾಲೆ ಬೇಡ ಅನ್ನುತ್ತಿದೆ, ವಾರಗಟ್ಟಲೆ ಊಟ ನಿದ್ದೆ ಸರಿ ಇಲ್ಲ, ತನ್ನ ಮೇಲೇ ಅಸಹ್ಯ ಪಡುವ ಮಾತಾಡ್ತಿದೆ ಅಂದರೆ ಕಾಯಬೇಡಿ. ದೊಡ್ಡವರಿಗೂ ಇದೇ ಮಾತು. ಟೆಲಿ ಮನಸ್ ಅನ್ನುವ ಸರ್ಕಾರಿ ಸಹಾಯವಾಣಿ 14416, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಮಕ್ಕಳಿಗೆ 1098, ಮಹಿಳೆಯರಿಗೆ 181. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರರಲ್ಲೂ ಸರ್ಕಾರಿ ಮೆಡಿಕಲ್ ಕಾಲೇಜು ಇದೆ, ಅಲ್ಲಿಯ ಆಸ್ಪತ್ರೆಯಲ್ಲಿ ಮನೋರೋಗದ ಡಾಕ್ಟರನ್ನು ಕೇಳಿ.

ಗಣತಿಯವರು ಬಂದಾಗ

ದೇಶದ ಗಣತಿಯಲ್ಲಿ ಮಾತೃಭಾಷೆಗೆ ಒಂದು ವ್ಯಾಖ್ಯೆ ಇದೆ: ಚಿಕ್ಕಂದಿನಲ್ಲಿ ತಾಯಿ ಆ ಮನುಷ್ಯನ ಜೊತೆ ಆಡಿದ ಭಾಷೆ. ತಾಯಿ ಎಳವೆಯಲ್ಲೇ ತೀರಿಕೊಂಡಿದ್ದರೆ ಮನೆಯಲ್ಲಿ ಮುಖ್ಯವಾಗಿ ಆಡುತ್ತಿದ್ದ ಭಾಷೆ. ಅಪ್ಪನ ಭಾಷೆಗೆ ಅಲ್ಲಿ ಜಾಗ ಇಲ್ಲ, ಬರೆಯೋದೂ ಒಂದೇ. ಆದರೆ ಅದರ ಮುಂದೆ ಇನ್ನೊಂದು ಪ್ರಶ್ನೆ ಇರುತ್ತೆ, ಗೊತ್ತಿರುವ ಇತರ ಭಾಷೆಗಳು. 2011ರಲ್ಲಿ ಅಲ್ಲಿ ಎರಡು ಭಾಷೆ ಬರೆಸಬಹುದಿತ್ತು, ಚೆನ್ನಾಗಿ ಬರುವುದು ಮೊದಲು. ಎಷ್ಟೋ ಜನ ಅದನ್ನು ಗಮನಿಸದೆ ಬಿಟ್ಟುಬಿಡ್ತಾರೆ.

ತಂಗಿಯ ಮನೆಯಲ್ಲಿ ಈ ವ್ಯಾಖ್ಯೆಯನ್ನು ಓದಿ ಹೇಳಿದೆ. ತಂಗಿ ಮಗಳನ್ನು ಬೈಯೋದು ಕನ್ನಡದಲ್ಲಿ, ಊಟಕ್ಕೆ ಕರೆಯೋದು 'ಭಾತ್ ಖಾಬಿ ಆಯ್' ಅಂತ ಬಂಗಾಳಿಯಲ್ಲಿ, ಜೋಗುಳ ಎರಡರಲ್ಲೂ ಹಾಡಿದ್ದಾಳೆ. ಹಾಗಾಗಿ ಸ್ವಲ್ಪ ಹೊತ್ತು ಮಾತುಕತೆ ನಡೀತು. ಕೊನೆಗೆ ಮಗಳೇ ಹೇಳಿದಳು, ಮೊದಲನೇ ಪ್ರಶ್ನೆಗೆ ಕನ್ನಡ, ಎರಡನೇದಕ್ಕೆ ಬಂಗಾಳಿ ಮತ್ತು ಹಿಂದಿ. ಠಾಕುಮಾ ಕೈ ಒರೆಸಿಕೊಂಡು ಹೊರಗೆ ಬಂದು ಕೇಳಿದ್ದು ಒಂದೇ ಮಾತು, ಬಂಗಾಳಿ ಹಿಂದಿಗಿಂತ ಮೊದಲು ಇರುತ್ತಲ್ಲ? ಇರುತ್ತೆ ಅಂದೆವು. ಬಾಯಲ್ಲಿ ಹೇಳಿದರೆ ಸಾಲದು, ಬರೆದಿಡು ಅಂದರು. ಹುಡುಗಿ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಆ ಮೂರು ಹೆಸರನ್ನು ಬರೆದಿಟ್ಟಿದ್ದಾಳೆ, ಬಂಗಾಳಿಯ ಕೆಳಗೆ ಎರಡು ಗೆರೆ ಎಳೆದು.